ಕಾರಿನ ಪೆನ್‌ಡ್ರೈವ್‌ನಲ್ಲಿರುವ ಹಾಡುಗಳು ಅಪರಾಧವೇ?

ಕೃತಿಸ್ವಾಮ್ಯದ (ಕಾಪಿರೈಟ್) ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಹಿಂದೊಮ್ಮೆ ಕಕ್ಷಿದಾರರೊಬ್ಬರು ಪೆನ್‌ಡ್ರೈವ್ ಅನ್ನು ಲಕೋಟೆಯಲ್ಲಿಟ್ಟು, ಅಂಟು ಹಚ್ಚಿ, ನನ್ನ ಮೇಜಿನ ಮೇಲಿಟ್ಟು, "ಇದನ್ನು ಯಾವ ಠಾಣೆಗೆ ಒಪ್ಪಿಸಬೇಕು ಸಾರ್?" ಎಂದು ಕೇಳಿದ್ದರು. ಅದಕ್ಕಾಗಿ ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

*ಹಾಡಿನ ಆ್ಯಪ್ ಒಂದಕ್ಕೆ ಪ್ರತಿ ತಿಂಗಳು ಹಣ ಕಟ್ಟುತ್ತೇನೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಕೈಕೊಡುವುದರಿಂದ, ಯೂಟ್ಯೂಬ್‌ನ ಹಾಡುಗಳನ್ನು ಕನ್ವರ್ಟರ್ ಜಾಲತಾಣವೊಂದರಲ್ಲಿ ಎಂಪಿ3 ಮಾಡಿ ಕಾರಿಗೆ ಹಾಕಿಕೊಂಡಿದ್ದೇನೆ. ಜೈಲಾಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ನಿಜವೇ? — ಹಾಸನದ ಓದುಗರು*

ನಿಮ್ಮ ಸ್ನೇಹಿತರು ಓದಿರುವುದು ಕೃತಿಸ್ವಾಮ್ಯ ಕಾಯ್ದೆ, 1957ರ ಕಲಂ 63ನ್ನು ಮಾತ್ರ. ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸಿದವರಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತದೆ. ಈ ಅಪರಾಧ ಸಂಜ್ಞೇಯವೂ (ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದದ್ದು) ಜಾಮೀನುರಹಿತವೂ ಹೌದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದ ಮೇಲಂತೂ ಹೆದರಿಸುವವರಿಗೆ ಹಬ್ಬವಾಗಿದೆ. ಆದರೆ ಉಲ್ಲಂಘನೆಯೇ ಆಗದಿದ್ದಲ್ಲಿ ಕಲಂ 63ರ ಬಾಗಿಲು ತೆರೆಯುವುದಿಲ್ಲ, ಮತ್ತು ಯಾವುದು ಉಲ್ಲಂಘನೆಯಲ್ಲ ಎಂಬುದನ್ನು ಹೇಳುವುದು ಕಲಂ 52.

ಆ ಕಲಮಿನ ಮೊದಲ ಖಂಡವೇ ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ಮಾಡುವ ನ್ಯಾಯಸಮ್ಮತ ಬಳಕೆಯನ್ನು ಉಲ್ಲಂಘನೆಯಿಂದ ಹೊರಗಿಡುತ್ತದೆ. 2012ರ ತಿದ್ದುಪಡಿಗೆ ಮೊದಲು ಈ ರಿಯಾಯಿತಿ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗಷ್ಟೇ ಇತ್ತು. ಧ್ವನಿಮುದ್ರಣಗಳೂ ಚಲನಚಿತ್ರಗಳೂ ಅದರಲ್ಲಿರಲಿಲ್ಲ. ಅಂದರೆ ಟೇಪ್‌ರೆಕಾರ್ಡರ್ ಕಾಲದಲ್ಲಿ ಸ್ನೇಹಿತನ ಕ್ಯಾಸೆಟ್ಟನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡ ನಮ್ಮ ತಲೆಮಾರಿಗೆ ಇಲ್ಲದಿದ್ದ ರಕ್ಷೆ ನಿಮಗಿದೆ. ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಯಾವುದೇ ಕೃತಿಗೆ ಈ ರಿಯಾಯಿತಿ ಅನ್ವಯಿಸುತ್ತದೆ ಎಂದ ತಿದ್ದುಪಡಿಯು, ಇದೇ ಉದ್ದೇಶಕ್ಕಾಗಿ ಕೃತಿಯನ್ನು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸಂಗ್ರಹಿಸಿಡುವುದು ಉಲ್ಲಂಘನೆಯಲ್ಲ ಎಂಬ ವಿವರಣೆಯನ್ನೂ ಜೋಡಿಸಿತು.

ಇಷ್ಟು ಓದಿ ಸಂಭ್ರಮಪಡಬೇಡಿ. ಕಾಯ್ದೆ ಹೇಳಿರುವುದು "ನ್ಯಾಯಸಮ್ಮತ ಬಳಕೆ" ಎಂದೇ ಹೊರತು "ಬಳಕೆ" ಎಂದಲ್ಲ, ಮತ್ತು ಎಷ್ಟು ತೆಗೆದುಕೊಂಡರೆ ನ್ಯಾಯಸಮ್ಮತ ಎಂಬ ಅಳತೆಗೋಲನ್ನು ಅದು ಕೊಟ್ಟಿಲ್ಲ. ತಾನು ಕೊಂಡ ಸಿ.ಡಿ.ಯನ್ನು ಕಾರಿಗಾಗಿ ಎಂಪಿ3 ಮಾಡಿಕೊಂಡವನ ಪರವಾಗಿ ನಾನು ನಿಶ್ಚಿಂತೆಯಿಂದ ವಾದಿಸಬಲ್ಲೆ. ಹಣ ಕಟ್ಟುವ ಆ್ಯಪ್‌ನಲ್ಲೇ ಇರುವ ಕೆಲವು ಹಾಡುಗಳನ್ನು ಇಳಿಸಿಕೊಂಡ ನಿಮ್ಮ ಪರವಾಗಿಯೂ ವಾದಿಸಬಲ್ಲೆ, ಆದರೆ ಅಷ್ಟು ನಿಶ್ಚಿಂತೆಯಿಂದಲ್ಲ. ಒಂದು ಪೈಸೆಯನ್ನೂ ಕೊಡದೆ ಸಾವಿರಾರು ಹಾಡುಗಳನ್ನು ಗುಡ್ಡೆ ಹಾಕಿಕೊಂಡವನು ಬೇರೆ ವಕೀಲರನ್ನು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಬೀಗದ ವಿಷಯ. ಕೃತಿಯನ್ನು ಕಾಪಾಡಲು ಹಾಕಿದ ತಾಂತ್ರಿಕ ಬೀಗವನ್ನು ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎಂದು ಕಲಂ 65ಎ ಹೇಳುತ್ತದೆ. ಅಮೆರಿಕದ ವಿಡಿಯೊಗಳನ್ನು ನೋಡಿ ಬರೆಯುವವರು ಇಲ್ಲಿಗೇ ನಿಲ್ಲುತ್ತಾರೆ. ನಮ್ಮ ಕಲಮಿನಲ್ಲಿ "ಆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ" ಎಂಬ ಷರತ್ತೂ ಇದೆ. ಹಾಗಾಗಿ ನಿಮ್ಮ ಬಳಕೆ ನ್ಯಾಯಸಮ್ಮತವಾಗಿ ನಿಂತರೆ ಬೀಗದ ಪ್ರಶ್ನೆಯೂ ಬಹುತೇಕ ಅದರೊಂದಿಗೇ ಇತ್ಯರ್ಥವಾಗುತ್ತದೆ.

ಯಾರೂ ಓದದ ಕಾಗದ ಇನ್ನೊಂದಿದೆ: ಖಾತೆ ತೆರೆಯುವಾಗ ನೀವು "ಒಪ್ಪಿದ್ದೇನೆ" ಎಂದು ಒತ್ತಿದ ಷರತ್ತುಗಳು. ತಾನೇ ಕೊಟ್ಟಿರುವ ಡೌನ್‌ಲೋಡ್ ಸೌಲಭ್ಯವನ್ನು ಬಿಟ್ಟು ಬೇರೆ ದಾರಿಯಲ್ಲಿ, ತನ್ನ ಅನುಮತಿಯಿಲ್ಲದೆ, ಇಳಿಸಿಕೊಳ್ಳುವುದನ್ನು ಯೂಟ್ಯೂಬ್ ನಿಷೇಧಿಸಿದೆ. ಕಲಂ 52 ನಿಮ್ಮನ್ನು ಪೊಲೀಸರಿಂದ ಕಾಪಾಡಬಹುದು. ಷರತ್ತು ಮುರಿದದ್ದಕ್ಕಾಗಿ ಖಾತೆ ಮುಚ್ಚಿದರೆ ಅದು ನಿಮ್ಮ ನೆರವಿಗೆ ಬರುವುದಿಲ್ಲ. ಆ್ಯಪ್‌ನೊಳಗೇ ಇಳಿಸಿಕೊಂಡ ಹಾಡು ಕೂಡ ನಿಮ್ಮದಲ್ಲ. ಸ್ಪಾಟಿಫೈನಲ್ಲಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಂದು ಮುಖ ತೋರಿಸದಿದ್ದರೆ ಅದು ಮಾಯವಾಗುತ್ತದೆ.

ಕೊನೆಗೆ, ನಿಮ್ಮ ಕನ್ವರ್ಟರ್ ಜಾಲತಾಣ. ವೈಯಕ್ತಿಕ ಉಪಯೋಗದ ರಿಯಾಯಿತಿ ಕೇಳುಗನಿಗೆ ಮಾತ್ರ ಸೇರಿದ್ದು, ಅದನ್ನು ಇನ್ನೊಬ್ಬರಿಗೆ ಕಡ ಕೊಡಲಾಗದು. ಹಾಡುಗಳ ಹಕ್ಕು ಹೊಂದಿರುವ ಟಿಪ್ಸ್ ಕಂಪನಿ ಮತ್ತು ಏರ್‌ಟೆಲ್‌ನ ಹಾಡಿನ ಆ್ಯಪ್ ಆಗಿದ್ದ ವಿಂಕ್ ನಡುವಿನ ಮೊಕದ್ದಮೆಯಲ್ಲಿ, ಗ್ರಾಹಕರು ತಮ್ಮ ಸ್ವಂತ ಬಳಕೆಗಾಗಿ ಹಾಡು ಇಳಿಸಿಕೊಳ್ಳುವುದರಿಂದ ತನಗೂ ಈ ರಿಯಾಯಿತಿ ಸಿಗಬೇಕೆಂದು ವಿಂಕ್ ವಾದಿಸಿತ್ತು. ಹಣ ಪಡೆದು ಒದಗಿಸುವ ಸೇವೆ ವ್ಯಾಪಾರವೇ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಅಷ್ಟು ದೊಡ್ಡ ಕಂಪನಿಗೆ ಸಿಗದ ರಕ್ಷೆ ಜಾಹೀರಾತಿನಿಂದ ಬದುಕುವ ಅನಾಮಧೇಯ ಜಾಲತಾಣಕ್ಕೆ ಸಿಗುವುದಿಲ್ಲ. ಅಲ್ಲಿನ ದೊಡ್ಡ ಹಸಿರು "ಡೌನ್‌ಲೋಡ್" ಗುಂಡಿಯನ್ನು ಒತ್ತಿದಾಗ ಹಾಡಿನ ಬದಲು ಎಪಿಕೆ ಕಡತ (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತ) ಇಳಿದು ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ, ನೀವು ಚಿಂತಿಸಬೇಕಾದದ್ದು ಕೃತಿಸ್ವಾಮ್ಯದ ಬಗ್ಗೆಯಲ್ಲ, ಬ್ಯಾಂಕ್ ಖಾತೆಯ ಬಗ್ಗೆ. ನಾನಂತೂ ಆ ಜಾಲತಾಣಗಳ ಹತ್ತಿರ ಸುಳಿಯುವುದಿಲ್ಲ. ಘಾಟಿಗೆ ಹೊರಡುವ ಹಿಂದಿನ ರಾತ್ರಿ ಆ್ಯಪ್‌ನಲ್ಲೇ ಹಾಡು ಇಳಿಸಿಕೊಂಡು ಫೋನನ್ನು ಬ್ಲೂಟೂತ್‌ನಲ್ಲಿ ಕಾರಿಗೆ ಜೋಡಿಸುತ್ತೇನೆ. ನೀವೂ ಹಾಗೆಯೇ ಮಾಡಬಹುದಲ್ಲ?

*ಇಳಿಸಿಕೊಂಡ ಹಾಡುಗಳನ್ನು ಟೆಲಿಗ್ರಾಂ ಚಾನೆಲ್‌ನಲ್ಲಿ ಉಚಿತವಾಗಿ ಹಂಚುತ್ತೇನೆ. ಲಾಭವಿಲ್ಲದ ಮೇಲೆ ತಪ್ಪೇನು?*

ತಪ್ಪೇ. ಲಾಭವಿಲ್ಲದಿದ್ದರೆ ಶಿಕ್ಷೆಯನ್ನು ಕಡಿಮೆ ಮಾಡಬಹುದು ಎಂದು ಕಲಂ 63ರಲ್ಲಿದೆಯೇ ಹೊರತು ಶಿಕ್ಷೆಯನ್ನೇ ಕೊಡುವಂತಿಲ್ಲ ಎಂದಿಲ್ಲ.

*ನನ್ನ ಮೊಬೈಲ್ ಅಂಗಡಿಯಲ್ಲಿ ಗ್ರಾಹಕರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತೇನೆ. "ವೈಯಕ್ತಿಕ ಬಳಕೆಗೆ ಮಾತ್ರ" ಎಂದು ಬೋರ್ಡ್ ಹಾಕಿದರೆ ಸಾಕೇ?*

ಬೋರ್ಡಿನ ಖರ್ಚು ಉಳಿಸಿ. ಕರ್ನಾಟಕದಲ್ಲಿ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ, ಜೂಜುಕೋರರ ಮತ್ತು ಗೂಂಡಾಗಳ ಸಾಲಿನಲ್ಲೇ ಆಡಿಯೊ-ವಿಡಿಯೊ ಪೈರಸಿ ಮಾಡುವವರೂ ನಿಂತಿದ್ದಾರೆ.

*30 ಸೆಕೆಂಡ್‌ಗಿಂತ ಕಡಿಮೆ ಬಳಸಿದರೆ ಕಾಪಿರೈಟ್ ಇಲ್ಲವಂತೆ?*

ಅಂಥ ಕಲಂ ಇಲ್ಲ. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.

*ಲಂಡನ್‌ನಲ್ಲಿದ್ದೇನೆ. ನನಗೂ ಕಲಂ 52ರ ರಕ್ಷೆ ಇದೆಯೇ?*

ಇಲ್ಲ, ನೀವಿರುವ ನೆಲದ ಕಾನೂನು ನಿಮ್ಮದು. ಬ್ರಿಟನ್ 2014ರಲ್ಲಿ ಖಾಸಗಿ ಪ್ರತಿಗೆ ರಿಯಾಯಿತಿ ಕೊಟ್ಟಿತ್ತು. ಮರುವರ್ಷವೇ ಅಲ್ಲಿನ ಹೈಕೋರ್ಟ್ ಅದನ್ನು ರದ್ದುಪಡಿಸಿತು.

*ಅಜ್ಜನ ಕಾಲದ ಹಾಡುಗಳಿಗೂ ಇದೆಲ್ಲ ಅನ್ವಯವೇ?*

ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ಮರುವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ಹೊರಬಂದ ಧ್ವನಿಮುದ್ರಣದ ಹಕ್ಕು 2020ರ ಕೊನೆಗೆ ಮುಗಿದಿದೆ. ಆದರೆ ಅದರ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕುಗಳು ಬರೆದವರ, ಸಂಯೋಜಿಸಿದವರ ಮರಣಾನಂತರವೂ 60 ವರ್ಷ ಇರುವುದರಿಂದ, ಹಳೆಯದೆಂದು ಯೂಟ್ಯೂಬ್‌ಗೆ ಏರಿಸುವ ಮೊದಲು ಆ ಇಬ್ಬರೂ ಯಾವಾಗ ತೀರಿಕೊಂಡರೆಂದು ನೋಡಿಕೊಳ್ಳಿ. ಮನೆಯಲ್ಲಿ ಕುಳಿತು ಕೇಳಲು ಈ ಲೆಕ್ಕವೆಲ್ಲ ಬೇಕಿಲ್ಲ.