ಆಸ್ಕರ್ ಪೂಲ್ ಗೆಲ್ಲಬೇಕಾ? ಹತ್ತೂ ಸಿನಿಮಾ ನೋಡಬೇಡಿ

ಅತ್ಯುತ್ತಮ ಚಿತ್ರಕ್ಕೆ ನಾಮಿನೇಟ್ ಆದ ಹತ್ತೂ ಸಿನಿಮಾ ನೋಡಿ, ಹಳೆಯ ಫಲಿತಾಂಶವನ್ನೆಲ್ಲ ಎಕ್ಸೆಲ್‌ಗೆ ತುಂಬಿಸಿದರೆ ಆಫೀಸಿನ ಆಸ್ಕರ್ ಪೂಲ್ (ಯಾರು ಗೆಲ್ಲುತ್ತಾರೆ ಅಂತ ದುಡ್ಡು ಹಾಕಿ ಊಹಿಸುವ ಪಂದ್ಯ) ಗೆಲ್ಲಬಹುದಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡಿದ್ದೆ, 2022ರಲ್ಲಿ. ಪೂಲ್ ಸೋತಿದ್ದು ಬಿಡಿ, ಅದರ ಮೇಲೆ ಇಡೀ ಟೀಮಿಗೆ ದೊನ್ನೆ ಬಿರಿಯಾನಿ ಕೊಡಿಸಬೇಕಾಯಿತು.

ನಮ್ಮದು ತಲೆಗೆ ₹500ರ ಪೂಲ್. ಆಗ 23 ವಿಭಾಗ, ಸರಿ ಬರೆದ ಒಂದೊಂದಕ್ಕೂ ಒಂದು ಪಾಯಿಂಟು, ಅತ್ಯುತ್ತಮ ಚಿತ್ರಕ್ಕೆ ಮಾತ್ರ ಐದು. ಇನ್ನೂ ಅರ್ಧ ವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ ಅದು. ಒಂದು ಕಿಟಕಿಯಲ್ಲಿ ಮೀಟಿಂಗ್, ಇನ್ನೊಂದರಲ್ಲಿ ನನ್ನ ಶೀಟು. ಆಸ್ಕರ್ ಮುಂಚೆ ಕೊಡುವ ಪ್ರಶಸ್ತಿಗಳಲ್ಲಿ ಗೋಲ್ಡನ್ ಗ್ಲೋಬ್ಸ್‌ಗೆ ಒಂದು ಕಾಲಂ, ಕ್ರಿಟಿಕ್ಸ್ ಚಾಯ್ಸ್‌ಗೆ ಒಂದು, ಬ್ರಿಟಿಷರ ಬಾಫ್ತಾಗೆ ಒಂದು. ಹಾಲಿವುಡ್ಡಿನ ಸಂಘಗಳು ಕೊಡುವ ಪ್ರಶಸ್ತಿಗಳಿಗೂ ಕಾಲಂ ಇತ್ತು: ನಿರ್ದೇಶಕರ ಡಿಜಿಎ, ನಿರ್ಮಾಪಕರ ಪಿಜಿಎ, ನಟನಟಿಯರ ಸ್ಯಾಗ್. ಗೆದ್ದ ಕಡೆ ಹಸಿರು ಬಣ್ಣ. 'ದಿ ಪವರ್ ಆಫ್ ದಿ ಡಾಗ್' ಸಾಲು ನೋಡಿದರೆ ಗ್ಲೋಬ್ಸ್ ಹಸಿರು, ಕ್ರಿಟಿಕ್ಸ್ ಚಾಯ್ಸ್ ಹಸಿರು, ಬಾಫ್ತಾ ಹಸಿರು, ಡಿಜಿಎ ಹಸಿರು. ನಾಮಿನೇಷನ್ 12, ಆ ವರ್ಷ ಎಲ್ಲಕ್ಕಿಂತ ಜಾಸ್ತಿ. 'ಕೋಡಾ' ಸಾಲಿನಲ್ಲಿ ಸ್ಯಾಗ್ ಒಂದೇ ಹಸಿರು. ನಾಮಿನೇಷನ್ ಮೂರೇ ಮೂರು.

ನಮ್ಮ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳು ಕೋಡಾ ಗೆಲ್ಲುತ್ತೆ ಅಂತ ಬರೆದಿದ್ದಳು. ಯಾಕೆ ಅಂತ ಕೇಳಿದೆ. "ಅದನ್ನ ನೋಡಿ ಬೈದೋರು ಒಬ್ರೂ ಸಿಕ್ಕಿಲ್ಲ ಸರ್" ಅಂದಳು. ನನಗೆ ನಗು ಬಂತು. ಕೋಡಾ ಗೆದ್ದರೆ ಇಡೀ ಟೀಮಿಗೆ ಬಿರಿಯಾನಿ ನನ್ನ ಲೆಕ್ಕ ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ.

ಮಾರ್ಚ್ 19ಕ್ಕೆ ಪಿಜಿಎ ಪ್ರಶಸ್ತಿ ಕೋಡಾಗೆ ಹೋಯಿತು. ಆಸ್ಕರ್ ಮತದಾನ ನಡೆಯುತ್ತಿದ್ದದ್ದು ಅದೇ ವಾರ, 17ರಿಂದ 22ರವರೆಗೆ. ಶೀಟು ತಿದ್ದಲು ನನಗೂ ಇನ್ನೂ ಟೈಮಿತ್ತು. ತಿದ್ದಲಿಲ್ಲ. ಯಾಕೆಂದರೆ ನನ್ನ ಕೈಯಲ್ಲಿ ಒಂದು ಬ್ರಹ್ಮಾಸ್ತ್ರ ಇತ್ತು. ಕೋಡಾಗೆ ನಿರ್ದೇಶನದಲ್ಲೂ ನಾಮಿನೇಷನ್ ಇಲ್ಲ, ಸಂಕಲನದಲ್ಲೂ ಇಲ್ಲ. ಅವೆರಡೂ ಇಲ್ಲದೆ ಕೊನೆಯ ಸಲ ಅತ್ಯುತ್ತಮ ಚಿತ್ರ ಆದದ್ದು 1932ರಲ್ಲಿ ಗೆದ್ದ 'ಗ್ರ್ಯಾಂಡ್ ಹೋಟೆಲ್', ಆಮೇಲೆ ಯಾವುದೂ ಇಲ್ಲ. ಆ ಕಾಲಕ್ಕೆ ಸಂಕಲನದ ಪ್ರಶಸ್ತಿಯೇ ಶುರುವಾಗಿರಲಿಲ್ಲ ಅನ್ನುವುದು ಬೇರೆ ಮಾತು. 90 ವರ್ಷದ ದಾಖಲೆ, ಇನ್ನೇನು ಬೇಕು? ಆಫೀಸಿನ ಗ್ರೂಪಿನಲ್ಲಿ ಅದನ್ನೇ ದೊಡ್ಡದಾಗಿ ಬರೆದೆ.

ಮನೆಯಲ್ಲೇ ಸುಳಿವು ಸಿಕ್ಕಿತ್ತು. ಪವರ್ ಆಫ್ ದಿ ಡಾಗ್ ಹಾಕಿದಾಗ ಅಮ್ಮ ಬೀನ್ಸ್ ಮುರಿಯುತ್ತಾ ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಯಾರೂ ಯಾರ ಜೊತೆಗೂ ಮಾತಾಡಲ್ವೇನೋ" ಅಂತ ಎದ್ದು ಹೋದರು. ಕೋಡಾ ಪೂರ್ತಿ ನೋಡಿದರು. ಮೀನು ಹಿಡಿಯುವ ಕುಟುಂಬ, ಅಪ್ಪ ಅಮ್ಮ ಅಣ್ಣ ಮೂವರಿಗೂ ಕಿವಿ ಕೇಳಿಸಲ್ಲ, ಮಗಳೊಬ್ಬಳು ಚೆನ್ನಾಗಿ ಹಾಡುತ್ತಾಳೆ. ಒಂದು ಕಡೆ ಅಪ್ಪ ಮಗಳ ಕುತ್ತಿಗೆಯ ಮೇಲೆ ಎರಡೂ ಕೈ ಇಟ್ಟು ಅವಳ ಹಾಡನ್ನು ಬೆರಳಲ್ಲಿ ಕೇಳುತ್ತಾನೆ. ಬೀನ್ಸ್ ಹಾಗೇ ತಟ್ಟೆಯಲ್ಲಿ ಬಿದ್ದಿತ್ತು. ನಾನು ಅದನ್ನು ನೋಡಿ, "ಅಮ್ಮನಿಗೆ ಇಷ್ಟವಾಯಿತು ಅಂದರೆ ಆಸ್ಕರ್‌ಗೆ ಲಾಯಕ್ಕಿಲ್ಲ" ಅಂತ ತೀರ್ಮಾನ ಮಾಡಿದೆ. ಎಂಥಾ ಬುದ್ಧಿವಂತ ನೋಡಿ.

ಸೋಮವಾರ ಬೆಳಿಗ್ಗೆ, ಅಮೆರಿಕದಲ್ಲಿ ಭಾನುವಾರ ಮಾರ್ಚ್ 27ರ ರಾತ್ರಿ. ಗ್ರೂಪಿನಲ್ಲಿ ಎಲ್ಲರೂ ವಿಲ್ ಸ್ಮಿತ್ ಕ್ರಿಸ್ ರಾಕ್ ಕೆನ್ನೆಗೆ ಬಾರಿಸಿದ್ದನ್ನೇ ಮಾತಾಡುತ್ತಿದ್ದರು. ನನ್ನ ಕಣ್ಣು ಮಾತ್ರ ಶೀಟಿನ ಮೇಲೆ. ನಿರ್ದೇಶನ ಜೇನ್ ಕ್ಯಾಂಪಿಯನ್‌ಗೆ ಬಂತು, ಸರಿ ಹೋಯಿತು ಅಂದುಕೊಂಡೆ. ಕೊನೆಗೆ ಲೈಜಾ ಮಿನೆಲ್ಲಿ, ಲೇಡಿ ಗಾಗಾ ಇಬ್ಬರೂ ಬಂದು ಲಕೋಟೆ ತೆಗೆದರು. ಕೋಡಾ. ಮೂರಕ್ಕೆ ಮೂರೂ ಗೆದ್ದಿತು. ಪವರ್ ಆಫ್ ದಿ ಡಾಗ್‌ಗೆ 12ರಲ್ಲಿ ಬಂದದ್ದು ಆ ನಿರ್ದೇಶನ ಒಂದೇ.

ಸಂಜೆ ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಗೊಣಗಿದೆ. ಅವರು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು, ಸಿನಿಮಾ ಅಷ್ಟಕ್ಕಷ್ಟೆ. ಅತ್ಯುತ್ತಮ ಚಿತ್ರಕ್ಕೆ ಮತ ಹೇಗೆ ಹಾಕುತ್ತಾರೆ ಅಂತ ಕೇಳಿದರು. ಹತ್ತು ಸಿನಿಮಾಗೂ 1, 2, 3 ಅಂತ ನಂಬರ್ ಕೊಡುತ್ತಾರೆ ಅಂದೆ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಲೋ, ಇದು ನಮ್ಮ ಶಿಕ್ಷಕರ ಕ್ಷೇತ್ರದ ಎಲೆಕ್ಷನ್ ಅಲ್ವೇನೋ! ಮೊದಲನೇ ಪ್ರಾಶಸ್ತ್ಯದಲ್ಲಿ ಮುಂದಿದ್ದೋನೇ ಗೆಲ್ತಾನೆ ಅಂತ ನಿನಗೆ ಹೇಳಿದ್ದು ಯಾರು?" ಅಂದರು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋದದ್ದು ಇಲ್ಲೇ.

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೋ ಶಿಕ್ಷಕರ ಕ್ಷೇತ್ರಕ್ಕೋ ನೀವು ಮತ ಹಾಕಿದ್ದರೆ ಗೊತ್ತಿರುತ್ತದೆ. ಮತಯಂತ್ರ ಇಲ್ಲ, ಮತಪತ್ರ. ಅಲ್ಲೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಹೆಸರುಗಳ ಮುಂದೆ 1, 2, 3 ಅಂತ ಬರೆಯಬೇಕು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ, ಎಲ್ಲರಿಗಿಂತ ಕೆಳಗಿರುವವನನ್ನು ತೆಗೆದು, ಅವನಿಗೆ ಬಿದ್ದ ಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಹಂಚುತ್ತಾರೆ. ಆಮೇಲೆ ಅವನ ಮೇಲಿನವನನ್ನು ತೆಗೆಯುತ್ತಾರೆ. ಹೀಗೇ ಎಣಿಕೆ ಮಧ್ಯರಾತ್ರಿ ದಾಟಿ ನಡೆಯುವುದುಂಟು.

ಆಸ್ಕರ್ ಕೊಡುವ ಅಕಾಡೆಮಿ ಅತ್ಯುತ್ತಮ ಚಿತ್ರಕ್ಕೆ ಮಾಡುವುದೂ ಇದನ್ನೇ. 2010ರ ಮಾರ್ಚಿನ ಸಮಾರಂಭಕ್ಕೆ ಹತ್ತು ಸಿನಿಮಾ ಮಾಡಿದಾಗ ಈ ಎಣಿಕೆ ತಂದರು. ಅದಕ್ಕೆ ಮುಂಚೆ ಎಷ್ಟೋ ದಶಕ ಐದೇ ಸಿನಿಮಾ ಇರುತ್ತಿದ್ದವು, ಯಾವುದಕ್ಕೆ ಜಾಸ್ತಿ ಮತವೋ ಅದು ಗೆಲ್ಲುತ್ತಿತ್ತು. ಉಳಿದ ವಿಭಾಗಗಳಲ್ಲಿ ಇವತ್ತಿಗೂ ಹಾಗೇ.

ಸುಮ್ನೆ ಒಂದು ಲೆಕ್ಕ ನೋಡಿ. ಸಂಖ್ಯೆ ನಾನೇ ಇಟ್ಟದ್ದು, ಅಕಾಡೆಮಿ ಮತಗಳ ಲೆಕ್ಕ ಹೊರಗೆ ಬಿಡುವುದಿಲ್ಲ. 100 ಮತ, ನಾಲ್ಕು ಸಿನಿಮಾ. ಅ ಅನ್ನುವುದಕ್ಕೆ 40, ಬ ಅನ್ನುವುದಕ್ಕೆ 30, ಕ 18, ಡ 12. ಡ ಹೋಯಿತು. ಅದರ 12 ಪತ್ರದಲ್ಲಿ ಮುಂದಿನ ಹೆಸರು 3ರಲ್ಲಿ ಅ, 9ರಲ್ಲಿ ಬ. ಈಗ ಅ 43, ಬ 39. ಆಮೇಲೆ ಕ ಹೋಯಿತು. ಅದರ 18ರಲ್ಲಿ 5 ಅ ಕಡೆಗೆ, 13 ಬ ಕಡೆಗೆ. ಅ 48, ಬ 52. ಬ ಗೆದ್ದಿತು. ಮೊದಲಿಂದ ಮುಂದಿದ್ದ ಅ ಸೋತದ್ದು ಯಾಕೆ? ಅದು ಇಷ್ಟವಾದವರಿಗೆ ತುಂಬಾ ಇಷ್ಟ, ಉಳಿದವರಲ್ಲಿ ಹೆಚ್ಚಿನವರು ಅದನ್ನು ಕೊನೆಯ ಜಾಗಕ್ಕೆ ತಳ್ಳಿದ್ದಾರೆ. ಬ ಬಗ್ಗೆ ಯಾರಿಗೂ ತಕರಾರಿಲ್ಲ, ಮೊದಲ ಜಾಗ ಕೊಡದವರ ಪತ್ರದಲ್ಲೂ ಎರಡನೇದು ಮೂರನೇದು. ಟೆಸ್ಟಿಂಗ್ ಟೀಮಿನ ಆ ಹುಡುಗಿ ಒಂದೇ ಮಾತಲ್ಲಿ ಹೇಳಿದ್ದು ಇದನ್ನೇ!

ಅಂದರೆ ನನ್ನ ತಪ್ಪು ತಪ್ಪು ಸಿನಿಮಾ ಆರಿಸಿದ್ದಲ್ಲ. ಎರಡು ಬೇರೆ ಬೇರೆ ನಿಯಮದ ಚುನಾವಣೆಗಳ ಫಲಿತಾಂಶವನ್ನು ಒಂದೇ ಶೀಟಿಗೆ ತುಂಬಿಸಿ ಕೂಡಿದ್ದು. ನನ್ನ 90 ವರ್ಷದ ದಾಖಲೆಯಲ್ಲಿ ಹೆಚ್ಚಿನ ಭಾಗ ಹಳೆಯ ಎಣಿಕೆಯದ್ದು. ಇನ್ನೊಂದು, ನಿರ್ದೇಶನಕ್ಕೆ ನಾಮಿನೇಷನ್ ಮಾಡುವವರು ನಿರ್ದೇಶಕರು ಮಾತ್ರ, ಸಂಕಲನಕ್ಕೆ ಸಂಕಲನಕಾರರು ಮಾತ್ರ. ಆ ಕೆಲವು ನೂರು ಜನ ಕೋಡಾ ಬಿಟ್ಟರು ಅಂದಮಾತ್ರಕ್ಕೆ ಕೊನೆಯಲ್ಲಿ ಮತ ಹಾಕುವ 9,000ಕ್ಕೂ ಹೆಚ್ಚು ಜನ ಬಿಡಬೇಕು ಅಂತೇನಿಲ್ಲ. ನಿರ್ಮಾಪಕರ ಪಿಜಿಎ ಮಾತ್ರ ಅಕಾಡೆಮಿಯ ಜೊತೆಗೇ ಈ ಪ್ರಾಶಸ್ತ್ಯದ ಎಣಿಕೆಗೆ ಬಂದಿತ್ತು. ನನ್ನ ಶೀಟಿನಲ್ಲಿ ಅದಕ್ಕೆ ಕೊಟ್ಟ ತೂಕ ಗ್ಲೋಬ್ಸ್‌ಗಿಂತ ಕಡಿಮೆ! ಆಗ ಗ್ಲೋಬ್ಸ್ ಕೊಡುತ್ತಿದ್ದವರು ಲಾಸ್ ಏಂಜಲೀಸ್‌ನಲ್ಲಿದ್ದ ನೂರರಷ್ಟು ವಿದೇಶಿ ಪತ್ರಕರ್ತರು. ಆಸ್ಕರ್‌ಗೆ ಮತ ಹಾಕುವುದು ಸಿನಿಮಾದಲ್ಲಿ ಕೆಲಸ ಮಾಡುವವರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹತ್ತೂ ಸಿನಿಮಾ ನೋಡಬೇಡಿ. ನೋಡಲೇಬೇಕು ಅನ್ನಿಸಿದರೆ ಶೀಟು ತುಂಬಿಸಿದ ಮೇಲೆ ನೋಡಿ. ನೋಡಿದ ತಕ್ಷಣ ನಿಮಗೊಂದು ಪಕ್ಷ ಹುಟ್ಟುತ್ತದೆ, ಆಮೇಲೆ ಎಕ್ಸೆಲ್ ಆ ಪಕ್ಷದ ಪ್ರಚಾರ ಮಾಡುತ್ತದೆ. ನಿಮ್ಮ ಅಭಿಪ್ರಾಯಕ್ಕೆ ಅಲ್ಲಿ ಮತವಿಲ್ಲ ಸ್ವಾಮಿ. ತಮಾಷೆ ಏನೆಂದರೆ, ಮತ ಹಾಕುವವರೇ ಎಲ್ಲ ಸಿನಿಮಾ ನೋಡಿರಲೇಬೇಕು ಅನ್ನುವ ನಿಯಮವನ್ನು ಅಕಾಡೆಮಿ ತಂದದ್ದು 2025ರ ಏಪ್ರಿಲ್‌ನಲ್ಲಿ. ಒಂದು ವಿಭಾಗದ ಅಷ್ಟೂ ಸಿನಿಮಾ ನೋಡದೆ ಆ ವಿಭಾಗದಲ್ಲಿ ಮತ ಹಾಕುವ ಹಾಗಿಲ್ಲ ಅಂತ. ಅಲ್ಲಿಯವರೆಗೆ?

ಇಪ್ಪತ್ತು ವರ್ಷದ ಅಂಕಿಅಂಶವೂ ಬೇಡ, 2010ರ ಹಿಂದಿನದನ್ನು ಅಳಿಸಿಬಿಡಿ. ಅತ್ಯುತ್ತಮ ಚಿತ್ರಕ್ಕೆ ಮೊದಲು ಪಿಜಿಎ ನೋಡಿ. 2021ರಿಂದ 2025ರವರೆಗೆ ಅತ್ಯುತ್ತಮ ಚಿತ್ರ ಆದ ನೊಮ್ಯಾಡ್‌ಲ್ಯಾಂಡ್, ಕೋಡಾ, ಎವ್ರಿಥಿಂಗ್ ಎವ್ರಿವೇರ್, ಓಪನ್‌ಹೈಮರ್, ಅನೋರಾ, ಐದಕ್ಕೆ ಐದೂ ಪಿಜಿಎ ಗೆದ್ದು ಬಂದವು. ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. 2017ರಲ್ಲಿ ಪಿಜಿಎ, ಡಿಜಿಎ, ಬಾಫ್ತಾ ಎಲ್ಲ ಗೆದ್ದ ಲಾ ಲಾ ಲ್ಯಾಂಡ್ ಮೂನ್‌ಲೈಟ್ ಮುಂದೆ ಸೋತಿತು (ತಪ್ಪು ಲಕೋಟೆ ಓದಿದ ಆ ಪ್ರಸಂಗ). 2020ರಲ್ಲಿ ಅಷ್ಟೂ ಗೆದ್ದ 1917 ಪ್ಯಾರಾಸೈಟ್ ಮುಂದೆ ಸೋತಿತು. ಎರಡು ಕಡೆಯೂ ಒಂದು ಗುರುತಿತ್ತು. ಲಾ ಲಾ ಲ್ಯಾಂಡ್‌ಗಾಗಲಿ 1917ಕ್ಕಾಗಲಿ ಸ್ಯಾಗ್‌ನ ಇಡೀ ತಾರಾಗಣದ ಪ್ರಶಸ್ತಿಗೆ ನಾಮಿನೇಷನ್ನೇ ಸಿಕ್ಕಿರಲಿಲ್ಲ. ಅಕಾಡೆಮಿಯಲ್ಲಿ ನಟನಟಿಯರದ್ದೇ ದೊಡ್ಡ ಗುಂಪು, ಅವರು ತಣ್ಣಗಿದ್ದರೆ ಸ್ವಲ್ಪ ಯೋಚಿಸಿ. ಎಲ್ಲರೂ ಒಂದೇ ಹೆಸರು ಹೇಳುವ ವರ್ಷ, ಓಪನ್‌ಹೈಮರ್ ವರ್ಷದ ಹಾಗೆ, ನಿಮ್ಮ ಜಾಣತನ ತೋರಿಸಲು ಹೋಗಬೇಡಿ.

ನಟನೆಯ ಪ್ರಶಸ್ತಿಗಳಿಗೆ "ಬಾಫ್ತಾ ನೋಡು ಸಾಕು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2019ರಲ್ಲಿ ಗ್ಲೆನ್ ಕ್ಲೋಸ್ ಬಿಟ್ಟು ಒಲಿವಿಯಾ ಕೋಲ್ಮನ್, 2021ರಲ್ಲಿ ಚಾಡ್ವಿಕ್ ಬೋಸ್ಮನ್ ಬಿಟ್ಟು ಆಂಥನಿ ಹಾಪ್ಕಿನ್ಸ್, 2025ರಲ್ಲಿ ಡೆಮಿ ಮೂರ್ ಬಿಟ್ಟು ಮೈಕಿ ಮ್ಯಾಡಿಸನ್ ಗೆದ್ದರು. ಮೂವರದ್ದೂ ಬಾಫ್ತಾ ಹೇಳಿದ ಹೆಸರು, ನಿಜ. ಆದರೆ 2023ರಲ್ಲಿ ಬಾಫ್ತಾದ ನಾಲ್ಕು ಹೆಸರೂ ಸೋತವು, ಸ್ಯಾಗ್‌ನ ನಾಲ್ಕೂ ಗೆದ್ದವು. ಹಾಗಾಗಿ ಇದಕ್ಕೆ ಸೂತ್ರ ಹುಡುಕುತ್ತಾ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ದೇಶಭಕ್ತಿ ಬೇಡ ಅಂತಲೂ ಹೇಳಬೇಕೆಂದಿದ್ದೆ. 2022ರಲ್ಲಿ ನಮ್ಮ 'ರೈಟಿಂಗ್ ವಿತ್ ಫೈರ್' ಸಾಕ್ಷ್ಯಚಿತ್ರಕ್ಕೆ ಬರೆದೆ, ಹೋಯಿತು. ಕ್ರಿಸ್ ರಾಕ್ ಏಟು ತಿಂದದ್ದು ಅದೇ ವಿಭಾಗದ ಪ್ರಶಸ್ತಿ ಕೊಡಲು ಬಂದಾಗ. ಮುಂದಿನ ವರ್ಷ ಬುದ್ಧಿ ಬಂತು ಅಂತ ಮುದುಮಲೆಯ 'ದಿ ಎಲಿಫೆಂಟ್ ವಿಸ್ಪರರ್ಸ್' ಬಿಟ್ಟು ಬೇರೆ ಬರೆದೆ, ಬಿಟ್ಟದ್ದೇ ಗೆದ್ದಿತು! 'ನಾಟು ನಾಟು' ಮಾತ್ರ ಸರಿ ಬಂತು. ಅದೇ ವರ್ಷ "ಆಸ್ಕರ್ ರೇಸ್‌ನಲ್ಲಿ ಕಾಂತಾರ" ಅಂತ ಇಲ್ಲೆಲ್ಲ ಸುದ್ದಿಯಾಯಿತಲ್ಲ, ಅದು ಅರ್ಹತೆ ಪಡೆದ 301 ಸಿನಿಮಾಗಳ ಪಟ್ಟಿ. ನಾಮಿನೇಷನ್ ಅಲ್ಲ. ಅಂಥ ಹೆಡ್‌ಲೈನ್ ನೋಡಿ ಶೀಟು ತುಂಬಿಸಬೇಡಿ.

ಪೂರ್ತಿ ನೋಡಬೇಕಾದದ್ದು ಕಿರುಚಿತ್ರಗಳನ್ನು. ಮೂರು ವಿಭಾಗ, ತಲಾ ಐದು. ಪೂಲಿನಲ್ಲಿ ಎಲ್ಲರೂ ಅಲ್ಲಿ ಕಣ್ಣು ಮುಚ್ಚಿ ಟಿಕ್ ಹಾಕುತ್ತಾರೆ. ದೊಡ್ಡ ವಿಭಾಗಗಳಲ್ಲಿ ಎಲ್ಲರ ಉತ್ತರವೂ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಮೂರು ಪಾಯಿಂಟಿನ ವ್ಯತ್ಯಾಸ ಬೀಳುವುದು ಇಲ್ಲಿ. ಎಷ್ಟೋ ಕಿರುಚಿತ್ರಗಳು ಯೂಟ್ಯೂಬ್‌ನಲ್ಲೇ ಸಿಗುತ್ತವೆ.

ಪೂಲ್ ನಡೆಸುವವರು ನೀವೇ ಆದರೆ, ದುಡ್ಡು ಮೊದಲೇ ವಸೂಲಿ ಮಾಡಿ, ಶೀಟನ್ನು ಭಾನುವಾರ ರಾತ್ರಿಯೇ ಲಾಕ್ ಮಾಡಿ. 2022ರಲ್ಲಿ ಎಂಟು ಪ್ರಶಸ್ತಿಗಳನ್ನು ನೇರಪ್ರಸಾರಕ್ಕೆ ಮುಂಚೆಯೇ ಕೊಟ್ಟುಬಿಟ್ಟಿದ್ದರು, ಗೆದ್ದವರ ಹೆಸರು ಟ್ವಿಟರ್‌ನಲ್ಲಿ ಬರುತ್ತಿತ್ತು. ನಾವೆಲ್ಲ 5.30ಕ್ಕೆ ಅಲಾರಂ ಇಟ್ಟು ಎದ್ದೆವು. ನಮ್ಮಲ್ಲೊಬ್ಬ 4.30ಕ್ಕೇ ಎದ್ದು, ಡ್ಯೂನ್‌ಗೆ ಬಂದ ಪ್ರಶಸ್ತಿಗಳನ್ನೆಲ್ಲ ನೋಡಿಕೊಂಡು ತನ್ನ ಕಾಲಂ ತಿದ್ದಿಕೊಂಡು ಮತ್ತೆ ಮಲಗಿದ್ದ. ಗೂಗಲ್ ಶೀಟ್ಸ್‌ನ ಹಿಸ್ಟರಿಯಲ್ಲಿ ಟೈಮ್ ಸಮೇತ ಸಿಕ್ಕಿಬಿದ್ದ. ಪೂಲಿನ ದುಡ್ಡು ಟೆಸ್ಟಿಂಗ್ ಹುಡುಗಿಗೇ ಹೋಯಿತು, ಬಿರಿಯಾನಿ ಬಿಲ್ಲಿನಲ್ಲಿ ಅರ್ಧ ಇವನಿಂದ ಕಿತ್ತೆ.