ಓದುಗರ ಪ್ರಶ್ನೆ, ನಮ್ಮ ಉತ್ತರ: ಗದ್ದಲವಿಲ್ಲದ ಹಳೆಯ ಕಡಲೂರು

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ನಾಲ್ಕು ದಿನ ಕಡಲ ಹತ್ತಿರ ಸುಮ್ಮನೆ ಇದ್ದು ಬರುವ ಆಸೆ. ಗೋಕರ್ಣ, ಮುರ್ಡೇಶ್ವರ ನೋಡಿಯಾಗಿದೆ, ಜನಜಂಗುಳಿ ಸಾಕೆನಿಸಿತು. ಹಳೆಯ ಗುಡಿ, ಕೋಟೆ ಒಂದಿಷ್ಟು ಇರಬೇಕು, ಓಡಾಟ ಕಡಿಮೆ ಇರಬೇಕು. ಯಾವ ಊರು ಒಳ್ಳೆಯದು?
— ಓದುಗರು, ಹಾಸನ

ಉತ್ತರ: ಕುಂದಾಪುರದಲ್ಲಿ ಉಳಿದುಕೊಳ್ಳಿ. ಬೀಚಿನ ಹೆಸರು ಹಿಡಿದು ಊರು ಹುಡುಕಿದರೆ ಜನ ಸೇರುವಲ್ಲಿಗೇ ನೀವೂ ಹೋಗಿ ಸೇರುತ್ತೀರಿ. ಹೊಳೆಯ ಹೆಸರು ಹಿಡಿದು ಹುಡುಕಿ. ನಮ್ಮ ಕರಾವಳಿಯ ಹಳೆಯ ಬಂದರುಗಳು ಹೆಚ್ಚಿನವು ತೆರೆದ ಕಡಲಿನಲ್ಲಿ ಇರಲಿಲ್ಲ, ಅಳಿವೆಯ ಒಳಗಿದ್ದವು. ಹಾಯಿಹಡಗುಗಳು ತೆರೆಯ ಹೊಡೆತ ತಪ್ಪಿಸಿಕೊಂಡು ಹೊಳೆಯೊಳಕ್ಕೆ ಬಂದು ನಿಲ್ಲುತ್ತಿದ್ದವು. ಹೊಳೆಯಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡವಾದವು, ವ್ಯಾಪಾರ ಬೇರೆ ಕಡೆ ಸರಿಯಿತು. ಗುಡಿ, ಬಸದಿ, ಕೇರಿ, ಶಾಸನದ ಕಲ್ಲು ಮಾತ್ರ ಅಲ್ಲೇ ಉಳಿದವು. ನಿಮಗೆ ಬೇಕಾದದ್ದು ಇಂಥ ಊರು.

ಕುಂದಾಪುರಕ್ಕೆ ಮೂರು ಕಡೆ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆ ಕೂಡಿ ಪಂಚಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತವೆ. ಆಚೆ ದಡದಲ್ಲಿ ಗಂಗೊಳ್ಳಿ, ಈಚೆ ಕೋಡಿಯ ದೀಪಸ್ತಂಭ. ಸಂಜೆ ಹೊಳೆಬದಿಯಲ್ಲೇ ಒಂದು ಗಂಟೆ ಕಳೆಯುತ್ತದೆ, ವಾಹನ ಬೇಕಿಲ್ಲ.

ಮೊದಲ ಬೆಳಗ್ಗೆ ಬಸ್ರೂರು. ಏಳೆಂಟು ಕಿಲೋಮೀಟರ್, ಆಟೋ ಸಾಕು. ಇಂದು ನೋಡಿದರೆ ತೋಟದ ನಡುವಿನ ಹಳ್ಳಿ. ಒಂದು ಕಾಲಕ್ಕೆ ಅಕ್ಕಿಯ ವ್ಯಾಪಾರಕ್ಕೆ ಪೋರ್ಚುಗೀಸರು ಕಣ್ಣಿಟ್ಟಿದ್ದ ಬಂದರು. 1665ರಲ್ಲಿ ಶಿವಾಜಿ ಸಮುದ್ರಮಾರ್ಗದಲ್ಲೇ ಬಂದು ದಾಳಿ ಮಾಡಿದ್ದು ಈ ಊರಿಗೆ. ಮಹಾಲಿಂಗೇಶ್ವರ ದೇವಸ್ಥಾನದಿಂದ ಶುರುಮಾಡಿ ಕೇರಿಗಳಲ್ಲಿ ನಡೆಯಿರಿ.

ಒಂದು ದಿನ ನಡುವೆ ಬಿಟ್ಟು ಬಾರ್ಕೂರಿಗೆ ಹೋಗಿ. ಹಾಸನದವರು ಇದನ್ನು ಬಿಡಬಾರದು. ಆಳುಪರ ರಾಜಧಾನಿಯಾಗಿದ್ದ ಊರಿದು. ನಿಮ್ಮ ಹೊಯ್ಸಳರ ಮೂರನೆಯ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಡಳಿತ ನಡೆಸಿದ್ದೂ ಇಲ್ಲಿಂದಲೇ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ಕುಸುರಿಯನ್ನು ಇಲ್ಲಿ ಹುಡುಕಬೇಡಿ. ಕತ್ತಲೆ ಬಸದಿಯನ್ನೂ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನವನ್ನೂ ನೋಡಿದರೆ ಕಾರಣ ತಿಳಿಯುತ್ತದೆ: ಧಾರಾಕಾರ ಮಳೆ ಜಾರಿಹೋಗಲೆಂದೇ ಇಳಿಜಾರು ಮಾಡು, ತಗ್ಗಿದ ಸೂರು. ಬ್ರಹ್ಮಾವರದವರೆಗೆ ಬಸ್ಸು, ಅಲ್ಲಿಂದ ಆಟೋ. ಬೆಳಗ್ಗೆ ಎಂಟಕ್ಕೇ ತಲುಪಿ. ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯವರೆಗೆ ಕಾಯಬೇಕಾಗುತ್ತದೆ. ಬಿಸಿಲೇರಿದ ಮೇಲೆ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡುವುದೂ ಕಷ್ಟ.

ಹೋಗುವುದು ರೈಲಿನಲ್ಲೇ ಸುಖ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನಕ್ಕೆ ಬಂದು ಬೆಳಗಿನ ಜಾವ ಕುಂದಾಪುರ ಮುಟ್ಟಿಸುತ್ತದೆ. ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಕೆಳಗಿನ ಬರ್ತ್ ಬೇಕಿದ್ದರೆ ಆ ದಿನವೇ ಮಾಡಿಸಿ. ಎರಡು ಎಚ್ಚರಿಕೆ. ನಿಲ್ದಾಣ ಪೇಟೆಯಲ್ಲಿಲ್ಲ, ಮೂಡ್ಲಕಟ್ಟೆಯಲ್ಲಿದೆ. ಆ ಹೊತ್ತಿಗೆ ಆಟೋ ಸಿಗುವಂತೆ ವಸತಿಗೃಹದವರಿಗೆ ಮೊದಲೇ ಹೇಳಿಡಿ. ಕೋಣೆ ಬೆಳಗ್ಗೆಯೇ ಕೊಡುತ್ತಾರೋ ಮಧ್ಯಾಹ್ನ 12ರ ಮೇಲೋ ಎಂಬುದನ್ನೂ ಕೇಳಿ. ಎಷ್ಟೋ ಜನ ನಿದ್ದೆಗೆಟ್ಟು ಆರು ತಾಸು ಹೊರಗೆ ಕೂತು, ಮೊದಲ ದಿನವನ್ನೇ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: 'ಶಾಂತ ಪರಿಸರ' ಎಂದು ನಂಬಿ ಮುಂಗಡ ಕಟ್ಟಿದರೆ ರಾತ್ರಿಯೆಲ್ಲ ಲಾರಿ ಸದ್ದು. ಕೋಣೆ ಆರಿಸುವಾಗ ಏನು ಕೇಳಬೇಕು?
— ಓದುಗರು, ಅರಸೀಕೆರೆ

ಉತ್ತರ: ಕಡಲು ಎಷ್ಟು ದೂರ ಎಂದು ಎಲ್ಲರೂ ಕೇಳುತ್ತಾರೆ. ಹೆದ್ದಾರಿ ಎಷ್ಟು ದೂರ ಎಂದು ಕೇಳಿ. ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯುದ್ದಕ್ಕೂ ಕಡಲಿಗೆ ಅಂಟಿಕೊಂಡೇ ಓಡುತ್ತದೆ. ಮರವಂತೆಯಲ್ಲಂತೂ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ರಸ್ತೆ. ಚಿತ್ರದಲ್ಲಿ ಕಾಣುವ ಕಡಲಿಗೂ ಕಿಟಕಿಗೂ ನಡುವೆ ಹೆದ್ದಾರಿ ಇರಬಹುದು. ಅರ್ಧ ಕಿಲೋಮೀಟರಾದರೂ ಒಳಗಿರುವ ಮನೆ ಹುಡುಕಿ.

ಮೀನುಗಾರಿಕೆ ಬಂದರಿಗೆ ತೀರಾ ಹತ್ತಿರವೂ ಬೇಡ. ನಸುಕಿಗೇ ದೋಣಿಯ ಇಂಜಿನ್, ಐಸ್ ಲಾರಿ ಶುರುವಾಗುತ್ತವೆ. ಒಣಮೀನಿನ ವಾಸನೆ ಅಭ್ಯಾಸವಿಲ್ಲದವರಿಗೆ ತಲೆನೋವು ತರುತ್ತದೆ. ಬಾವಿಯ ನೀರು ಉಪ್ಪೋ ಸಿಹಿಯೋ ಎಂದೂ ವಿಚಾರಿಸಿ. ಮಾರ್ಚ್ ಕಳೆದ ಮೇಲೆ ಅಳಿವೆ ಹತ್ತಿರದ ಬಾವಿಗಳಿಗೆ ಉಪ್ಪು ಏರುವುದುಂಟು, ಸ್ನಾನಕ್ಕೂ ಹಿತವಲ್ಲ. ಕಲ್ಯಾಣಮಂಟಪ ಪಕ್ಕದಲ್ಲಿದ್ದರೆ ಬೇರೆ ಕಡೆ ನೋಡಿ. ಒಂದು ಸದ್ದನ್ನು ಮಾತ್ರ ದೂರಬೇಡಿ. ದೀಪಾವಳಿ ಕಳೆದ ಮೇಲೆ ಮೇ ತಿಂಗಳವರೆಗೆ ಯಕ್ಷಗಾನ ಮೇಳಗಳ ತಿರುಗಾಟ. ಹತ್ತಿರದಲ್ಲಿ ಬಡಗುತಿಟ್ಟಿನ ಆಟವಿದ್ದರೆ ಮಧ್ಯಾಹ್ನ ಮಲಗಿ ಎದ್ದು, ರಾತ್ರಿ ಹೋಗಿ ಕುಳಿತುಬಿಡಿ.

ಪ್ರಶ್ನೆ: ನಮ್ಮದು ಕಾಫಿ ತೋಟ. ಅರೇಬಿಕಾ ಕೊಯ್ಲು, ಅದರ ಹಿಂದೆ ರೊಬಸ್ಟಾ, ಮೆಣಸು. ಬಿಡುವಾಗುವಾಗ ಬೇಸಿಗೆ. ಜೊತೆಗೆ ಅಮ್ಮನಿಗೆ ಘಾಟಿಯಲ್ಲಿ ವಾಂತಿ. ಯಾವಾಗ, ಹೇಗೆ ಹೋಗುವುದು?
— ಓದುಗರು, ಮೂಡಿಗೆರೆ

ಉತ್ತರ: ಕೊಯ್ಲು ಮುಗಿಯಲೆಂದು ಕಾಯಬೇಡಿ. ಮಳೆ ಹಿಂದೆಗೆದು ಅರೇಬಿಕಾ ಹಣ್ಣಾಗುವ ಮೊದಲಿನ ಅಕ್ಟೋಬರ್ ನಿಮಗೆ ಸರಿಯಾದ ಸಮಯ. ದಸರಾ ರಜೆ ದಾಟಿಸಿ, ಸೋಮವಾರ ಹೊರಟು ಗುರುವಾರ ಹಿಂತಿರುಗಿ. ಸೆಕೆ ಸ್ವಲ್ಪ ಇರುತ್ತದೆ, ಏಪ್ರಿಲಿನಷ್ಟಲ್ಲ.

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ ಹತ್ತಿರದ ದಾರಿ, ಆದರೆ ತಿರುವು ಕಡಿದು. ಅಮ್ಮನವರಿಗಾಗಿ ಸಕಲೇಶಪುರಕ್ಕೆ ಬಂದು ಶಿರಾಡಿ ಘಾಟಿ ಇಳಿಯಿರಿ. ದೂರ ಹೆಚ್ಚಾದರೂ ಮೈ ಅಷ್ಟು ಕುಲುಕುವುದಿಲ್ಲ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಕಾಫಿಯೂ ಬೇಡ. ಮಾತ್ರೆಯನ್ನು ಘಾಟಿ ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡುವುದಿಲ್ಲ. ಅರ್ಧ ಗಂಟೆಗೂ ಮೊದಲೇ ಕೊಡಬೇಕು, ವೈದ್ಯರನ್ನು ಕೇಳಿ. ಜೋರು ಮಳೆಯ ದಿನ ಎರಡೂ ಘಾಟಿಗಳಲ್ಲಿ ಮಣ್ಣು ಜರಿಯುತ್ತದೆ, ರೈಲು ಮಾರ್ಗವೂ ಅದಕ್ಕೆ ಹೊರತಲ್ಲ. ಅಂಥ ದಿನ ಮುಂದೂಡಿ.

ನಿಮಗೆ ಹೊನ್ನಾವರವನ್ನೂ ಹೇಳುತ್ತೇವೆ. ಮೆಣಸು ಬೆಳೆಯುವವರು ನೋಡಬೇಕಾದ ನೀರು ಶರಾವತಿ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದದ್ದು ಘಟ್ಟದ ಮೆಣಸು ಅವಳ ಬಂದರುಗಳಿಂದ ಹಡಗೇರುತ್ತಿದ್ದುದಕ್ಕೆ. ಹೊಳೆಯಗುಂಟ ಮೇಲೆ ಹೋದರೆ ನಗರಬಸ್ತಿಕೇರಿಯ ಚತುರ್ಮುಖ ಬಸದಿ; ಕುಮಟಾ ದಾಟಿದರೆ ಅಘನಾಶಿನಿಯ ಬಳಿ ಮಿರ್ಜಾನಿನ ಚಿರೆಕಲ್ಲು ಕೋಟೆ. ಒಂದೇ ದಿನಕ್ಕೆ ಎರಡನ್ನೂ ತುರುಕಬೇಡಿ.

ಪ್ರಶ್ನೆ: ಮೊಮ್ಮಕ್ಕಳು ನೀರಿಗಿಳಿಯುವ ಹಟ ಮಾಡುತ್ತಾರೆ. ಅಳಿವೆಯ ನೀರು ಶಾಂತವಾಗಿ ಕಾಣುತ್ತದಲ್ಲ, ಬಿಡಬಹುದೇ?
— ಓದುಗರು, ಬೇಲೂರು

ಉತ್ತರ: ಖಂಡಿತ ಬೇಡ. ತೆರೆಯಿಲ್ಲದಿರುವುದೇ ಅಲ್ಲಿ ಮೋಸ. ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ ಸೆಳೆಯುತ್ತವೆ, ಕಾಲಡಿಯ ಮರಳೇ ಜಾರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಇನ್ನೂ ಬಿರುಸು. ಉಬ್ಬರಕ್ಕೂ ಇಳಿತಕ್ಕೂ ಸುಮಾರು ಆರು ಗಂಟೆ ಅಂತರ, ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗುತ್ತದೆ. ಇಂದಿನ ಹೊತ್ತು ನಾಳೆಗೆ ಹೊಂದದು. ಮೀನುಗಾರರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ಮಕ್ಕಳನ್ನು ಜೀವರಕ್ಷಕರಿರುವ ಕಡೆ ಮೊಣಕಾಲು ನೀರಿನವರೆಗೆ ಮಾತ್ರ ಬಿಡಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ತೀರಗಳು. ಜೂನ್‌ನಿಂದ ಮಳೆ ಕಡಿಮೆಯಾಗುವವರೆಗೆ ಎಲ್ಲಿಯೂ ಇಳಿಸಬೇಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ.

ಪ್ರಶ್ನೆ: ತಮಿಳುನಾಡಿನ ತರಂಗಂಬಾಡಿ ಚೆನ್ನಾಗಿದೆ ಎನ್ನುತ್ತಾರೆ. ನವೆಂಬರಿನಲ್ಲಿ ಹೋಗಬಹುದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಊರು ನಿಜಕ್ಕೂ ಚೆನ್ನಾಗಿದೆ, ತಿಂಗಳು ತಪ್ಪು. ನಮ್ಮಲ್ಲಿ ಮಳೆ ನಿಂತ ಮೇಲೆ ಆ ಕರಾವಳಿಗೆ ಹಿಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ, ಒಮ್ಮೊಮ್ಮೆ ಚಂಡಮಾರುತ. ಜನವರಿ ಕೊನೆ ಅಥವಾ ಫೆಬ್ರವರಿಗೆ ಇಟ್ಟುಕೊಳ್ಳಿ. ಡೇನರು (ಡೆನ್ಮಾರ್ಕಿನವರು) 1620ರಲ್ಲಿ ಕಟ್ಟತೊಡಗಿದ ಡಾನ್ಸ್‌ಬೋರ್ಗ್ ಕೋಟೆ, 1845ರಲ್ಲಿ ಬ್ರಿಟಿಷರಿಗೆ ಮಾರಿದ ಊರು, ಕಡಲು ಕೊರೆದ ಮಾಸಿಲಾಮಣಿನಾಥರ ಗುಡಿ, ಎಲ್ಲವೂ ನಡೆಯುವಷ್ಟು ದೂರದಲ್ಲಿವೆ. ಮೈಸೂರಿನಿಂದ ಮೈಲಾಡುದುರೈಗೆ ರಾತ್ರಿ ರೈಲು, ಅಲ್ಲಿಂದ ಬಸ್ಸು. ಹೋಗಿಬರಲು ಎರಡು ರಾತ್ರಿ ರೈಲಿನಲ್ಲೇ ಕಳೆಯುವುದರಿಂದ ಐದು ದಿನಕ್ಕೆ ಕಡಿಮೆ ರಜೆಯಿದ್ದರೆ ಹೊರಡಬೇಡಿ.