ತಜ್ಞರ ವರ್ಗಾವಣೆ ಮತ್ತು ಹೋಬಳಿಯ ಹೆರಿಗೆ

(ನಮ್ಮ ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರದಲ್ಲಿದ್ದ ಒಬ್ಬರೇ ಸ್ತ್ರೀರೋಗ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದ್ದಾರೆ. ಹಳ್ಳಿಯ ಬಸುರಿಯರ ಗತಿಯೇನು? ಹೋಬಳಿಗೊಂದು ಹೆರಿಗೆ ಆಸ್ಪತ್ರೆ ಕೊಡಲಾಗದೇ? – ಓದುಗರೊಬ್ಬರು)

ಮಾನ್ಯರೆ,

ನಿಮ್ಮ ಸಿಟ್ಟು ನ್ಯಾಯವಾದದ್ದೇ; ಹತ್ತಿರವಿದ್ದ ತಜ್ಞರು ದೂರವಾದರೆ ಯಾರಿಗಾದರೂ ದಿಗಿಲಾಗುತ್ತದೆ. ಆದರೆ ಅವರು ನಿಮ್ಮಲ್ಲಿದ್ದಾಗ ನಡುರಾತ್ರಿ ಸಿಸೇರಿಯನ್ ಆಗುತ್ತಿತ್ತೇ ಎಂಬುದನ್ನು ನೀವು ಬರೆದಿಲ್ಲ. ಅರಿವಳಿಕೆ ವೈದ್ಯರಿಲ್ಲದೆ, ರಕ್ತದ ದಾಸ್ತಾನಿಲ್ಲದೆ, ಮಕ್ಕಳ ವೈದ್ಯರಿಲ್ಲದೆ ಒಬ್ಬ ತಜ್ಞರು ಮಾಡಬಹುದಾದದ್ದು ಅಲ್ಪ. ಹೆರಿಗೆಯ ನಂತರದ ರಕ್ತಸ್ರಾವ ಎರಡು ಗಂಟೆಗಳೊಳಗೆ ಪ್ರಾಣ ತೆಗೆಯಬಲ್ಲದು. ಆಗ ಬೇಕಾದದ್ದು ಹಗಲೂ ರಾತ್ರಿ ಪೂರ್ತಿ ತಂಡವಿರುವ ಒಂದು ಆಸ್ಪತ್ರೆ, ಅಲ್ಲಿಗೆ ತಡವಿಲ್ಲದೆ ತಲುಪಿಸುವ ವ್ಯವಸ್ಥೆ.

1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ತಾಯಂದಿರನ್ನು ಬಲಿ ತೆಗೆದುಕೊಳ್ಳುವ ಮೂರು ವಿಳಂಬಗಳನ್ನು ಗುರುತಿಸಿದರು: ಹೊರಡಲು ತೀರ್ಮಾನಿಸುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. 2008ರಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ನಾವು ಎರಡನೆಯದನ್ನು ಗೆದ್ದೆವೆಂದು ಬೀಗಿದೆವು. ಮೂರನೆಯದು ಹಾಗೆಯೇ ಉಳಿಯಿತು. ಗರ್ಭಿಣಿಯೊಬ್ಬಳನ್ನು ಜಿಲ್ಲಾ ಕೇಂದ್ರಕ್ಕೆ ಸಾಗಹಾಕಿದ ಚೀಟಿಯೊಂದನ್ನು ನಾನು ನೋಡಿದ್ದೇನೆ. ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಎರಡು ಪದ, ಒಂದು ಸಹಿ. ರಕ್ತದೊತ್ತಡ ಎಷ್ಟಿತ್ತು, ರಕ್ತದೊತ್ತಡ ಏರಿ ಬರುವ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟರೇ, ಹೊರಟದ್ದು ಎಷ್ಟು ಗಂಟೆಗೆ, ಅಲ್ಲಿಯವರಿಗೆ ಫೋನಾಯಿತೇ, ಯಾವುದೂ ಇಲ್ಲ.

ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ರಕ್ತಹೀನತೆಯೆಂದು ಅವಳ ಹೆಸರನ್ನು ಗುರುತಿಟ್ಟುಕೊಂಡ ಆಶಾ ಕಾರ್ಯಕರ್ತೆ ಗಂಡನ ಊರಿನಲ್ಲೇ ಉಳಿಯುತ್ತಾಳೆ. ತವರಿನ ಆಶಾಗೆ ಅವಳು ಹೊಸಬಳು. ತಾಯಿ ಕಾರ್ಡ್ ಅವಳ ಕೈಚೀಲದಲ್ಲಿದ್ದರೆ ಪುಣ್ಯ. ಎರಡೂ ಊರಿನ ಆರೋಗ್ಯ ಕೇಂದ್ರಗಳು ಪರಸ್ಪರ ಮಾತಾಡದಿದ್ದರೆ ಹೋಬಳಿಗೊಂದು ಆಸ್ಪತ್ರೆ ಕಟ್ಟಿಯೂ ಫಲವಿಲ್ಲ. ಕೂಸಿನ ವಿಷಯವೂ ಅಷ್ಟೇ. ಅವಧಿಗೆ ಮುನ್ನ ಹುಟ್ಟಲಿರುವ ಮಗುವನ್ನು ಸಾಗಿಸಲು ತಾಯಿಯ ಒಡಲಿಗಿಂತ ಸುರಕ್ಷಿತ ವಾಹನವಿಲ್ಲ. ಹುಟ್ಟಿದ ಮೇಲೆ ಸಾಗಿಸಲೇಬೇಕಾದರೆ ಅದನ್ನು ತಾಯಿಯ ಎದೆಗವಚಿ, ಬೆಚ್ಚಗೆ ಒಯ್ಯಬೇಕು.

2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19, ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡರು. ಕೇರಳದ ಪ್ರಸೂತಿ ತಜ್ಞರು 2004ರಿಂದ ತಾಯಂದಿರ ಸಾವುಗಳನ್ನು ಹೆಸರು ಮರೆಮಾಚಿ ಪರಿಶೀಲಿಸುತ್ತಾ ಬಂದಿದ್ದಾರೆ. ನಮ್ಮಲ್ಲಿ ಸಾವಿನ ವಿಚಾರಣೆಯೆಂದರೆ ರಾತ್ರಿ ಪಾಳಿಯ ನರ್ಸಿಗೆ ನೋಟಿಸು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗಷ್ಟೇ ರಾಜ್ಯ ಬೆಚ್ಚಿತು. ಅದಕ್ಕೂ ಮುನ್ನ ನಮ್ಮ ಪ್ರತಿನಿಧಿಗಳಿಗೆ ಬೇಕಿದ್ದದ್ದು ಶಂಕುಸ್ಥಾಪನೆಯ ಕಲ್ಲು. ನೀವೂ ಅದನ್ನೇ ಕೇಳುತ್ತಿದ್ದೀರಿ ಎಂಬುದೇ ನನ್ನ ಬೇಸರ.

ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಭಾನುವಾರ ರಾತ್ರಿ ಅರಿವಳಿಕೆ ವೈದ್ಯರು ಯಾರಿರುತ್ತಾರೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಉತ್ತರ ಸಿಗದಿದ್ದರೆ ನಮಗೆ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.

– ಸಂಪಾದಕ